ಕರ್ನಾಟಕ ಸಂಗೀತ ಕಲಿತ ದನಿ, ಮ್ಯೂಸಿಕಲ್ ಥಿಯೇಟರ್ ಬಿಎಫ್‌ಎ ಆಡಿಷನ್: ತಯಾರಿ ಎಲ್ಲಿಂದ ಶುರು ಮಾಡಬೇಕು?

ಕೀರವಾಣಿ21 ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಫಸ್ಟ್ ಪಿಯುಸಿ ಓದುತ್ತಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಆಗಿದೆ, ಐದರ ಶ್ರುತಿಯಲ್ಲಿ ಹಾಡುತ್ತೇನೆ. ಪಿಯುಸಿ ಮುಗಿಸಿ ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಕಲ್ ಥಿಯೇಟರ್ (ಹಾಡು, ನಟನೆ, ನೃತ್ಯ ಸೇರಿದ ನಾಟಕ) ಬಿಎಫ್‌ಎ, ಅಂದರೆ ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್ ಪದವಿ, ಓದಬೇಕೆಂದಿದ್ದೇನೆ. ಮುಖ್ಯವಾಗಿ ಹಾಡುಗಾರಿಕೆಯ ಬಗ್ಗೆ ಕೇಳಬೇಕಿತ್ತು.

ಎಲ್ಲ ಕಡೆ "ಬೆಲ್ಟ್", "ಲೆಜಿಟ್", "ಮಿಕ್ಸ್" ಎಂದು ಬರೆದಿರುತ್ತಾರೆ. ನನ್ನ ಗಂಟಲಲ್ಲಿ ಈಗ ಇರುವುದು ಇದರಲ್ಲಿ ಯಾವುದು? ಕರ್ನಾಟಕ ಸಂಗೀತದ ಅಭ್ಯಾಸ ನಿಲ್ಲಿಸಬೇಕಾ? ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಬರುವುದಿಲ್ಲ, ಅದಕ್ಕೆ ಎಷ್ಟು ತೊಂದರೆ? ಪ್ರೀಸ್ಕ್ರೀನ್ ವಿಡಿಯೋ (ಆಡಿಷನ್ನಿಗೆ ಮುಂಚೆ ಆಯ್ಕೆಗೆ ಕಳಿಸುವುದು) ಮನೆಯಲ್ಲೇ ಫೋನಿನಲ್ಲಿ ಮಾಡಿದರೆ ನಡೆಯುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

---

ತಾರಪಂಚಮ

ನಿಮ್ಮ ಶ್ರುತಿಯನ್ನು ಕೀಬೋರ್ಡಿನ ಮೇಲೆ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಐದರ ಶ್ರುತಿ ಅಂದರೆ ಮಧ್ಯ ಷಡ್ಜ ಜಿ3 (ಅಕ್ಷರ ಸ್ವರದ ಹೆಸರು, ಅಂಕಿ ಅದರ ಸ್ಥಾಯಿ). ಪಂಚಮ ಡಿ4, ತಾರ ಷಡ್ಜ ಜಿ4, ಅದರ ಮೇಲಿನ ಅಂತರ ಗಾಂಧಾರ ಬಿ4, ತಾರ ಪಂಚಮ ಡಿ5. ಹೆಣ್ಣುದನಿಗೆ ಬರೆದ ಬೆಲ್ಟ್ (ಎತ್ತರದಲ್ಲೂ ಎದೆಯ ದನಿಯಲ್ಲಿ, ಕೂಗಿನಂತೆ ಹಾಡುವ) ಹಾಡುಗಳ ಏರುಜಾಗ ಹೆಚ್ಚಾಗಿ ಎ4ರಿಂದ ಡಿ5ರ ನಡುವೆಯೇ ಬರುತ್ತದೆ. ಕೃತಿಯ ಅನುಪಲ್ಲವಿಯಲ್ಲಿ ನೀವು ದಿನಾ ಓಡಾಡುವ ಜಾಗ ಅದು, ಅದೂ ಎದೆಯ ದನಿಯಲ್ಲಿ. ಬೆಲ್ಟ್ ಎಂದರೆ ಎಲ್ಲಿಂದಲೋ ಹೊಸದಾಗಿ ತರಬೇಕಾದ ವಸ್ತು ಎಂದು ಹೆದರುವ ಅಗತ್ಯವಿಲ್ಲ.

ನಿಮ್ಮಲ್ಲಿ ಬಹುಶಃ ಇಲ್ಲದಿರುವುದು ಡಿ5ರ ಆಚೆಗಿನದು. ಹೆಡ್ ವಾಯ್ಸ್, ಅಂದರೆ ತೆಳುವಾದ ಮೇಲಿನ ದನಿ. ನಮ್ಮ ಪಾಠದ ಕ್ರಮದಲ್ಲಿ ಅದನ್ನು ಕಳ್ಳಕಂಠ ಎಂದು ಬೈದು ಬಿಡಿಸುತ್ತಾರೆ, ಹಾಗಾಗಿ ಹುಡುಗಿಯರಿಗೆ ಅಲ್ಲಿ ಸ್ನಾಯುಗಳ ರೂಢಿಯೇ ಇರುವುದಿಲ್ಲ. 1940-50ರ ದಶಕದ ಬ್ರಾಡ್‌ವೇ ನಾಟಕಗಳ ನಾಯಕಿ ಪಾತ್ರಗಳು ಜಿ5, ಎ5ವರೆಗೂ ಹೋಗುತ್ತವೆ, ಅದನ್ನೇ ಲೆಜಿಟ್ ಅನ್ನುವುದು. ನಾಲ್ಕು ವರ್ಷದ ಪಾಠದಲ್ಲಿ ಎರಡೂ ಬೇಕು. ಆಡಿಷನ್ನಿನಲ್ಲಿ ಒಂದು ಹಳೆಯ ಕಾಲದ ಹಾಡು, ಒಂದು ಇತ್ತೀಚಿನದು ಕೇಳುವುದು ಇದನ್ನು ನೋಡಲಿಕ್ಕೇ. ಆದ್ದರಿಂದ ಮೊದಲ ಆರು ತಿಂಗಳು ಹೆಡ್ ವಾಯ್ಸಿಗೆ ಕೊಡಿ, ಬೆಲ್ಟಿಗೆ ಅಲ್ಲ. ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಮಾಡುತ್ತಾರೆ.

ದಿನದ ಕ್ರಮ ಹೀಗಿರಲಿ. ಬೆಳಿಗ್ಗೆ ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ಕೂರುವ ಮೊದಲೇ ಇದನ್ನು ಮಾಡಿ. ದಪ್ಪ ದನಿಯಲ್ಲಿ ಒಂದು ಗಂಟೆ ಹಾಡಿದ ಮೇಲೆ ತೆಳು ದನಿ ಸುಲಭಕ್ಕೆ ಹಿಡಿತಕ್ಕೆ ಬರುವುದಿಲ್ಲ. ಒಂದು ಲೋಟದಲ್ಲಿ ನೀರು, ಎಳನೀರು ಅಂಗಡಿಯ ಸ್ಟ್ರಾ. ಸ್ಟ್ರಾದ ತುದಿ ನೀರಿನೊಳಗೆ 2-3 ಸೆಂ.ಮೀ. ಇರಲಿ, ತುಟಿ ಬಿಗಿಯಾಗಿ ಮುಚ್ಚಿ ಗುಳ್ಳೆ ಎಬ್ಬಿಸುತ್ತಾ ದನಿ ಬಿಡಿ. ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸೈರನ್ನಿನಂತೆ ಜಾರಿಸಿ, 3-4 ನಿಮಿಷ. ನಡುವೆ ಮೂಗು ಹಿಡಿದು ನೋಡಿ. ಗುಳ್ಳೆಯ ರಭಸ ಏಕಾಏಕಿ ಹೆಚ್ಚಿದರೆ ಅಲ್ಲಿಯವರೆಗೆ ಗಾಳಿ ಮೂಗಿನಿಂದ ಸೋರುತ್ತಿತ್ತು ಎಂದರ್ಥ. ಜಾರಿಸುವಾಗ ಎಲ್ಲೋ ಒಂದು ಕಡೆ ದನಿ ಮುರಿಯುತ್ತದೆ. ಮುರಿಯಲಿ. ಅದನ್ನು ಗಟ್ಟಿ ಮಾಡಿ ಮುಚ್ಚಲು ಹೋಗಬೇಡಿ.

ಆಮೇಲೆ "ಊ" ಎಂದು ಇ5ರಿಂದ ಐದು ಸ್ವರ ಕೆಳಕ್ಕೆ: ಪ ಮ ಗ ರಿ ಸ. ಗಮಕ ಬೇಡ, ನೇರ ಸ್ವರ. ಕೆಳಗೆ ಬರುವಾಗ ಎದೆಯ ದನಿಗೆ ಧುಮುಕುವುದು ಸಹಜ ಚಟ. ಎ4ವರೆಗೂ ಅದೇ ತೆಳುವಾದ ದನಿಯಲ್ಲೇ ಬರಬೇಕು. ಅರ್ಧ ಸ್ವರದಂತೆ ಏರಿಸುತ್ತಾ ಜಿ5ವರೆಗೆ, 7-8 ನಿಮಿಷ ಸಾಕು. ಮೊದಮೊದಲು ಗಾಳಿ ತುಂಬಿದ, ಸಣ್ಣ ಮಗುವಿನಂಥ ದನಿ ಬರುತ್ತದೆ. ಎಂಟು-ಹತ್ತು ವಾರದಲ್ಲಿ ಅಂಚು ಬರುತ್ತದೆ.

ಬೆಲ್ಟ್ ಕಡೆಗೆ ಬಂದರೆ, ತಾರ ಸ್ಥಾಯಿಯಲ್ಲಿ ಹಾಡುವುದಕ್ಕೂ ಬೆಲ್ಟಿಗೂ ಇರುವ ಅಂತರ ಬಾಯಿಯ ಆಕಾರದಲ್ಲಿದೆ. ಸಿ5 ಹಾಡಿದರೆ ಮೂಲ ಕಂಪನ ಸೆಕೆಂಡಿಗೆ 523, ಅದರ ಎರಡನೇ ಹಾರ್ಮೋನಿಕ್ 1046. ಬೆಲ್ಟಿನ ಆ ಹಿತ್ತಾಳೆಯಂಥ ಹೊಳಪು ಬರುವುದು ಬಾಯಿ-ಗಂಟಲಿನ ಮೊದಲ ಅನುರಣನ ಈ ಎರಡನೇ ಹಾರ್ಮೋನಿಕ್‌ನ ಹತ್ತಿರ ಬಂದಾಗ. "ಆ್ಯ", "ಎ", "ಆ" ಸ್ವರಗಳಲ್ಲಿ ಆ ಅನುರಣನ ಮೊದಲೇ ಎತ್ತರದಲ್ಲಿದೆ, ಬಾಯಿ ಅಗಲಿಸಿದರೆ, ಗಂಟಲಗೂಡು ತುಸು ಮೇಲೆ ಬರಲು ಬಿಟ್ಟರೆ 1000 ದಾಟುತ್ತದೆ. "ಈ", "ಊ"ಗಳಲ್ಲಿ ಅದು 300-400ರ ಆಸುಪಾಸು. ಎಷ್ಟು ಒದ್ದಾಡಿದರೂ ಸಿ5ರಲ್ಲಿ ಶುದ್ಧ "ಈ" ಬೆಲ್ಟ್ ಆಗುವುದಿಲ್ಲ, ಗಂಟಲು ಮಾತ್ರ ಕಟ್ಟಿಕೊಳ್ಳುತ್ತದೆ. ಅದಕ್ಕೇ "ಮೀ" ಎಂಬ ಪದ ಆ ಎತ್ತರದಲ್ಲಿ "ಮೆ"ಯ ಕಡೆಗೆ, "ಯೂ" ಎಂಬುದು "ಯ"ದ ಕಡೆಗೆ ವಾಲುತ್ತದೆ. ಕೇಳುವವರಿಗೆ "ಮೀ" ಎಂದೇ ಕೇಳುತ್ತದೆ.

ಅಭ್ಯಾಸಕ್ಕೆ ನಮ್ಮ ಬೀದಿಯ ಕೂಗೇ ಸಾಕು. ಎದುರು ಸಾಲಿನ ಮನೆಯವರನ್ನು "ಏಯ್!" ಎಂದು ಕರೆಯುವ ಹಾಗೆ ಒಂದು ಸಲ ಕರೆಯಿರಿ, ಸಿಟ್ಟಿಲ್ಲದೆ. ಅದು ಸಹಜವಾಗಿ ಜಿ4-ಎ4ರ ಹತ್ತಿರ ಬೀಳುತ್ತದೆ. ಅದೇ ಕೂಗನ್ನು ಎ4ರಲ್ಲಿ ಗಿಡ್ಡದಾಗಿ ನಾಲ್ಕು ಸಲ, ನಂತರ ಎ4-ಜಿ4-ಎಫ್4 ಇಳಿಸಿ. ಬೆಲ್ಟಿಗೆ ಉಸಿರು ಕಡಿಮೆ ಸಾಕು. ದೊಡ್ಡ ಉಸಿರು ತುಂಬಿಕೊಂಡರೆ ಅದನ್ನು ತಡೆಯಲು ಗಂಟಲು ಬಿಗಿಯುತ್ತದೆ. ಮೊದಲ ತಿಂಗಳು ಬಿ4 ದಾಟಬೇಡಿ, ದಿನಕ್ಕೆ ಹತ್ತು ನಿಮಿಷ ಮೀರಬೇಡಿ. ಕೆಮ್ಮು ಬಂದರೆ, ಕತ್ತಿನ ನರ ಕನ್ನಡಿಯಲ್ಲಿ ಕಂಡರೆ ಅವತ್ತಿಗೆ ನಿಲ್ಲಿಸಿ.

ಕರ್ನಾಟಕ ಸಂಗೀತ ನಿಲ್ಲಿಸಬೇಡಿ. ಶ್ರುತಿ, ಲಯ, ನೆನಪು ಮೂರರಲ್ಲೂ ಅದು ನಿಮ್ಮ ಬಂಡವಾಳ. ಆದರೆ ಇಂಗ್ಲಿಷ್ ಹಾಡಿಗೆ ಬಂದಾಗ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ, ಒಂದು ಸಲ ವಿಡಿಯೋ ಮಾಡಿ ನೋಡಿಕೊಳ್ಳಿ. ಮಾಯಾಮಾಳವಗೌಳದ ವರಸೆ ಹೇಳುವಾಗ ಗೊತ್ತಾಗದ ಚಟ ಅಲ್ಲಿ ಎದ್ದು ಕಾಣುತ್ತದೆ.

ಹುಡುಗರ ಲೆಕ್ಕ ಬೇರೆ: ಒಂದರ ಶ್ರುತಿಯ ಗಂಡುದನಿಗೆ ತಾರ ಅಂತರ ಗಾಂಧಾರ ಇ4, ಟೆನರ್ ಪಾತ್ರಗಳು ಎ4, ಬಿ4 ಕೇಳುತ್ತವೆ. ಅವರಿಗೆ ಎದೆಯ ದನಿ, ಹೆಡ್ ವಾಯ್ಸ್ ಎರಡೂ ಬೆರೆತ ಮಿಕ್ಸ್‌ನಿಂದಲೇ ಶುರು.

---

ಕಪ್ಪುಬಿಳಿ_ಮನೆ

ತಾರಪಂಚಮ ಅವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಹೆಡ್ ವಾಯ್ಸ್ ಆರು ತಿಂಗಳಲ್ಲಿ ಹುಟ್ಟಬಹುದು, ಆಡಿಷನ್ನಿಗೆ ತೋರಿಸುವಷ್ಟು ಪಳಗುವುದಿಲ್ಲ. ಹಳೆಯ ಕಾಲದ ಹಾಡು ಎಂದ ಕೂಡಲೇ ಎತ್ತರದ ಸೊಪ್ರಾನೊ ಹಾಡು ಹುಡುಕಬೇಡಿ. ಅದೇ ಕಾಲದಲ್ಲಿ ಹಾಸ್ಯ ಪಾತ್ರಗಳಿಗೆ, ಎರಡನೇ ನಾಯಕಿಗೆ ಬರೆದವು ಸಿ5, ಡಿ5ರಲ್ಲೇ ಮುಗಿಯುತ್ತವೆ. ಅಂಥದ್ದೊಂದು ಹಾಡಿ. ಪಿಯಾನೋ ಪಕ್ಕ ನಿಲ್ಲಿಸಿ ಸ್ಕೇಲ್ ಹಾಡಿಸಿದಾಗ ನಿಮ್ಮ ಮೇಲಿನ ದನಿ ಹೇಗಿದ್ದರೂ ಅವರಿಗೆ ತಿಳಿಯುತ್ತದೆ. ಕಚ್ಚಾ ಇದ್ದರೂ ಪರವಾಗಿಲ್ಲ, ಹಾಡಿನಲ್ಲಿ ಬಿರುಕು ಬಿಡಬಾರದು.

ನೊಟೇಶನ್ ಬಗ್ಗೆ. ಆಡಿಷನ್ನಿಗೆ ಬೇಕೇ ಬೇಕು ಎಂದಿಲ್ಲ, ಮೊದಲ ಸೆಮಿಸ್ಟರಿನ ಥಿಯರಿ ಮತ್ತು ಕಿವಿ ತರಬೇತಿ ತರಗತಿಯಲ್ಲಿ ಇಲ್ಲದಿದ್ದರೆ ಕಷ್ಟ. ಸೈಟ್ ಸಿಂಗಿಂಗ್‌ನಲ್ಲಿ (ನೊಟೇಶನ್ ನೋಡಿದ ಕೂಡಲೇ ಹಾಡುವುದು) ಅನೇಕ ಕಡೆ "ಡೊ"ವನ್ನು ಆಯಾ ಸ್ಕೇಲಿನ ಮೊದಲ ಸ್ವರಕ್ಕೆ ಇಡುತ್ತಾರೆ. ಅಂದರೆ ಡೊ ಅಂದರೆ ನಿಮ್ಮ ಷಡ್ಜವೇ. ಮೇಜರ್ ಸ್ಕೇಲ್ ಧೀರಶಂಕರಾಭರಣ, ನ್ಯಾಚುರಲ್ ಮೈನರ್ ನಟಭೈರವಿ, ಹಾರ್ಮೋನಿಕ್ ಮೈನರ್ ನಿಮ್ಮ ಹೆಸರಿನ ಕೀರವಾಣಿ, ಮೆಲೊಡಿಕ್ ಮೈನರಿನ ಆರೋಹಣ ಗೌರಿಮನೋಹರಿ. ಕಿವಿಗೆ ಇದಿಷ್ಟೂ ಗೊತ್ತು, ಕಣ್ಣಿಗೆ ಐದು ಗೆರೆ ಕಲಿಸಿದರೆ ಆಯಿತು. ದಿನಕ್ಕೆ 15 ನಿಮಿಷ, ಟ್ರೆಬಲ್ ಕ್ಲೆಫ್ (ಎತ್ತರದ ಸ್ವರಗಳ ಸಾಲು) ಮಾತ್ರ, ನಾಲ್ಕೈದು ತಿಂಗಳು.

ನಿಜವಾಗಿ ಕಾಲು ಜಾರುವುದು ಬೇರೆ ಕಡೆ. ತಂಬೂರಿ ಇಲ್ಲ. ಪಿಯಾನೋದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಪ್ರತಿ ಬಾರ್‌ಗೂ (ತಾಳದ ಒಂದು ಸುತ್ತಿನಂಥ ಅಳತೆ) ಬದಲಾಗುತ್ತದೆ, ಹಲವು ಸಲ ನಿಮ್ಮ ಸ್ವರ ಅದರಲ್ಲಿ ಇರುವುದೂ ಇಲ್ಲ. ಆಧಾರ ಷಡ್ಜಕ್ಕೆ ಒಗ್ಗಿದ ಕಿವಿ ಅಲ್ಲಿ ಗಲಿಬಿಲಿಯಾಗಿ ಕಾರ್ಡಿನ ಹತ್ತಿರದ ಸ್ವರಕ್ಕೆ ಜಾರುತ್ತದೆ. ಹಾಡಿನ ಕೊನೆಯ ಭಾಗದಲ್ಲಿ ಕೀ ಅರ್ಧ ಅಥವಾ ಒಂದು ಸ್ವರ ಏರಿದರೆ ಷಡ್ಜವೇ ಸ್ಥಳ ಬದಲಿಸಿದಂತೆ, ಇನ್ನೂ ಕಷ್ಟ. ಮದ್ದು ಸರಳ: ಮೊದಲು ಬರೀ ಬೇಸ್ ಸ್ವರಗಳನ್ನು ಎಡಗೈಯಲ್ಲಿ ನುಡಿಸಿಕೊಂಡು ಹಾಡಿ, ಆಮೇಲೆ ಪೂರ್ತಿ ಕಾರ್ಡ್, ಕೊನೆಗೆ ರಾಗದ ಎಳೆ ನುಡಿಸದ ಪಕ್ಕವಾದ್ಯದ ಟ್ರ್ಯಾಕ್. ಹಾಡಿನ ಟ್ಯೂನನ್ನು ಜೊತೆಗೇ ನುಡಿಸುವ ಟ್ರ್ಯಾಕ್‌ಗಳಲ್ಲಿ ಕಲಿತವರು ಆಡಿಷನ್ ಕೋಣೆಯಲ್ಲಿ ಮೊದಲ ಸಾಲಿಗೇ ದಾರಿ ತಪ್ಪುತ್ತಾರೆ.

ಎತ್ತುಗಡೆ: ಇಂಗ್ಲಿಷ್ ಹಾಡುಗಳಲ್ಲಿ ಒಂದೆರಡು ಅಕ್ಷರ ಮೊದಲ ಬಾರ್‌ಗೆ ಮುಂಚೆಯೇ ಶುರುವಾಗುವುದು ಬಹಳ. ಅದು ನಿಮಗೆ ಗೊತ್ತಿರುವ ಅತೀತ ಗ್ರಹವೇ, ಭಯ ಬೇಡ. ಸ್ವಿಂಗ್ ಮಾತ್ರ ಕಿವಿಯಿಂದಲೇ ಕಲಿಯಬೇಕು. ಬರೆದಿರುವುದು ಸಮಸಮ ಎರಡು, ಹಾಡುವುದು ಹೆಚ್ಚುಕಡಿಮೆ ಎರಡು-ಒಂದರ ಪಾಲಿನಲ್ಲಿ. ತಿಶ್ರ ನಡೆಯ ಮೂರರಲ್ಲಿ ಮೊದಲ ಎರಡನ್ನು ಕೂಡಿಸಿದ ಹಾಗೆ.

ಆಡಿಷನ್ನಿಗೆ ಒಯ್ಯುವ ಹಾಡುಗಳ ಪುಸ್ತಕದ ತಯಾರಿ. ಕಟ್ ಅಂದರೆ ಹಾಡಿನಿಂದ ಆಯ್ದ ತುಂಡು, 16 ಬಾರ್ ಅಥವಾ 32 ಬಾರ್. 16 ಬಾರ್ ಎಂದರೆ ಸುಮಾರು 30-45 ಸೆಕೆಂಡ್, 32 ಎಂದರೆ 60-90. ಬಾರ್ ಎಣಿಸುವುದಕ್ಕಿಂತ ಅರ್ಥ ಪೂರ್ಣವಾಗುವ ಕಡೆ ಕತ್ತರಿಸಿ. ಹಾಳೆಗಳನ್ನು ಎರಡೂ ಬದಿ ಮುದ್ರಿಸಿ ರಿಂಗ್ ಫೈಲಿಗೆ ಹಾಕಿ, ಪುಟ ತಿರುವುವುದು ಆದಷ್ಟು ಕಡಿಮೆ ಇರಲಿ. ಮುದ್ರಣದಲ್ಲಿ ಎಡಗೈಯ ಕೆಳಗಿನ ಸಾಲು ಕತ್ತರಿಸಿಹೋಗಿರುವುದು ಪದೇ ಪದೇ ಆಗುವ ತಪ್ಪು, ಪಿಯಾನೋದವರಿಗೆ ಅದೇ ಬೇಸ್. ಬಿಟ್ಟ ಭಾಗವನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿ, ಪೆನ್ನಿನಲ್ಲಿ ಗೀಚಬೇಡಿ. ಶುರು, ಕೊನೆ, ನಿಧಾನವಾಗುವ ಜಾಗ ಹೈಲೈಟ್ ಮಾಡಿ. ಹಾಡುವ ಕೀಯಲ್ಲೇ ಮುದ್ರಿಸಿರಬೇಕು. "ಇದನ್ನು ಎರಡು ಸ್ವರ ಇಳಿಸಿ ನುಡಿಸ್ತೀರಾ" ಎಂದು ಅಲ್ಲಿ ಕೇಳುವ ಹಾಗಿಲ್ಲ.

ಪಿಯಾನೋದವರ ಹತ್ತಿರ ನಿಮಗೆ ಸಿಗುವುದು ಅರ್ಧ ನಿಮಿಷ. ಎಲ್ಲಿಂದ ಶುರು, ಮುನ್ನುಡಿ ಎಷ್ಟು ಬಾರ್, ಎಲ್ಲಿ ನಿಲ್ಲಿಸಿ ಕಾಯಬೇಕು, ಎಲ್ಲಿ ಮುಗಿಯುತ್ತದೆ. ವೇಗ ತೋರಿಸಲು ಎರಡು ಬಾರ್ ಮೆಲ್ಲಗೆ ಹಾಡಿ ತೋರಿಸಿ. ಬೆರಳು ಚಿಟಿಕೆ ಹಾಕಬೇಡಿ, ಅದು ಅವರಿಗೆ ಮರ್ಯಾದೆಗೇಡು ಅನಿಸುತ್ತದೆ. ಚಿಟಿಕೆಯ ವೇಗವೂ ಗಾಬರಿಯಲ್ಲಿ ಹೆಚ್ಚೇ ಇರುತ್ತದೆ.

---

ರಂಗದ_ಹಿಂದೆ

ಗಂಟಲಿನ ಮಾತು ಮೇಲೆ ಬಂತು, ಮಾತಿನ ಮಾತು ಬರಲಿಲ್ಲ. ಕೃತಿಯಲ್ಲಿ ಸಾಹಿತ್ಯವನ್ನು ರಾಗ ಹೊತ್ತೊಯ್ಯುತ್ತದೆ, ಒಂದು ಅಕ್ಷರವನ್ನು ಇಡೀ ಆವರ್ತನ ಎಳೆದರೂ ಸೊಗಸು. ಇಲ್ಲಿ ಹಾಡು ಸಂಭಾಷಣೆಯ ಮುಂದುವರಿಕೆ. ಪಾತ್ರ ಯಾರಿಗೆ ಹೇಳುತ್ತಿದೆ, ಈ ಸಾಲಿನಿಂದ ಏನನ್ನು ಗಿಟ್ಟಿಸಿಕೊಳ್ಳಬೇಕು ಎಂಬುದು ಕಾಣದಿದ್ದರೆ ಸಮಿತಿಯವರು ಎಷ್ಟೇ ಒಳ್ಳೆಯ ದನಿಯನ್ನೂ ಸಂಗೀತ ವಿಭಾಗಕ್ಕೆ ಹೋಗಮ್ಮ ಎಂದುಬಿಡುತ್ತಾರೆ. ಅಭ್ಯಾಸ ಹೀಗೆ ಮಾಡಿ: ಮೊದಲು ಸಾಹಿತ್ಯವನ್ನು ಬರೀ ಮಾತಿನಂತೆ, ಒಬ್ಬರ ಮುಖ ನೋಡಿ ಹೇಳಿ. ಆಮೇಲೆ ಹಾಡಿನ ಲಯಕ್ಕೆ ಕೂರಿಸಿ, ಸ್ವರವಿಲ್ಲದೆ ಹೇಳಿ. ಕೊನೆಗೆ ಹಾಡಿ. ಎರಡನೇ ಹಂತದಲ್ಲಿ ಎಲ್ಲಿ ಕೃತಕ ಅನಿಸಿತೋ ಅಲ್ಲೇ ಹಾಡಿನಲ್ಲೂ ಎಡವುತ್ತೀರಿ.

ಕನ್ನಡದ ಬಾಯಿಗೆ ನಾಲ್ಕು ಗುರುತುಗಳಿವೆ. ಒಂದು, "ಎ", "ಒ"ದಿಂದ ಶುರುವಾಗುವ ಪದಗಳಿಗೆ ನಾವು ಯಕಾರ, ವಕಾರ ಸೇರಿಸುತ್ತೇವೆ: "ಯೆವ್ರಿ", "ವೋನ್ಲಿ". ಮಾತಿನಲ್ಲಿ ಹೋಗುತ್ತದೆ, ಉದ್ದ ಸ್ವರದಲ್ಲಿ ಎದ್ದು ಕಾಣುತ್ತದೆ. ಎರಡು, ಇಂಗ್ಲಿಷಿನ ಟ, ಡ ನಮ್ಮ ಟ, ಡ ಅಲ್ಲ. ನಾಲಗೆ ಮಡಿಸದೆ, ತುದಿಯನ್ನು ಹಲ್ಲಿನ ಹಿಂದಿನ ವಸಡಿನ ದಿಬ್ಬಕ್ಕೆ ತಾಗಿಸಬೇಕು. ಮೂರು, ಪದದ ಮೊದಲಿನ ಪ, ಟ, ಕಗಳಿಗೆ ಸ್ವಲ್ಪ ಮಹಾಪ್ರಾಣದ ಉಸಿರು ಬೇಕು, ಇಲ್ಲದಿದ್ದರೆ ಅವರ ಕಿವಿಗೆ ಬ, ಡ, ಗ ಎಂದು ಕೇಳುತ್ತದೆ. ನಾಲ್ಕು, ವ್ಯಂಜನದಲ್ಲಿ ಮುಗಿಯುವ ಪದಕ್ಕೆ "ಉ" ಸೇರಿಸುವುದು. ಸಾಲಿನ ಕೊನೆಯ "ನೈಟ್" "ನೈಟು" ಆದರೆ ಎಲ್ಲ ಮುಗಿಯಿತು. "ಐ", "ಔ" ಥರದ ಜೋಡಿ ಸ್ವರಗಳಲ್ಲಿ ಮೊದಲ ಭಾಗವನ್ನು ಎಳೆಯಿರಿ, ಎರಡನೆಯದನ್ನು ಕೊನೆಯ ಕ್ಷಣದಲ್ಲಿ ಮುಟ್ಟಿಸಿ.

ಹಾಗೆಂದು ಅಮೆರಿಕನ್ ಉಚ್ಚಾರವನ್ನು ಅಂಟಿಸಿಕೊಳ್ಳುವುದು ಬೇಡ. ಏಕಪಾತ್ರ ಭಾಗವನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಹೇಳಬಹುದು. ಪ್ರಕಟಿತ ನಾಟಕದ್ದಾಗಿರಬೇಕು, 60-90 ಸೆಕೆಂಡ್. ಗಿರೀಶ ಕಾರ್ನಾಡರು ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತಂದಿದ್ದಾರೆ. "ಹಯವದನ"ದ ಪದ್ಮಿನಿ, "ನಾಗಮಂಡಲ"ದ ರಾಣಿಯ ಮಾತುಗಳು ನಿಮ್ಮ ವಯಸ್ಸಿಗೆ ಹೊಂದುತ್ತವೆ, ಆ ಕೋಣೆಯಲ್ಲಿ ಅವರು ನೂರು ಸಲ ಕೇಳಿದ್ದೂ ಅಲ್ಲ. ಕೆಲವು ಶಾಲೆಗಳು "ವೈಲ್ಡ್ ಕಾರ್ಡ್" ಎಂದು ಒಂದು ನಿಮಿಷದೊಳಗಿನ ಐಚ್ಛಿಕ ವಿಡಿಯೋ ಕೇಳುತ್ತವೆ. ನಿಮ್ಮ ಕರ್ನಾಟಕ ಸಂಗೀತಕ್ಕೆ, ಕೊನ್ನಕೋಲಿಗೆ, ಕಂಪನಿ ನಾಟಕದ ರಂಗಗೀತೆಗೆ ಅದು ಜಾಗ. ಇಂಗ್ಲಿಷ್ ಹಾಡಿನೊಳಗೆ ಸಂಗತಿ ತುರುಕುವುದಕ್ಕಿಂತ ಅಲ್ಲಿ ಪೂರ್ತಿ ಹಾಡಿ. ಗಮಕದ ಚಟಕ್ಕೂ ಒಂದು ಮಾತು: ವೈಬ್ರಾಟೊ ಎಂದರೆ ಸೆಕೆಂಡಿಗೆ ಐದಾರು ಸಲದ ಸಣ್ಣ ತೂಗಾಟ, ಸ್ವರದ ಆಚೀಚೆ ಅರ್ಧ ಸ್ವರವೂ ಮೀರದು. ಕಂಪಿತ ಅದಕ್ಕಿಂತ ನಿಧಾನ, ಅಗಲ, ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ಒಂದರ ಬದಲು ಇನ್ನೊಂದು ಹಾಕಿದರೆ ಶ್ರುತಿ ಅಲುಗಿದಂತೆ ಕೇಳುತ್ತದೆ. ನೇರ ಸ್ವರ ಹಿಡಿಯುವುದನ್ನು ಮೊದಲು ಕಲಿಯಿರಿ.

ಮನೆಯಲ್ಲಿ ವಿಡಿಯೋ ಧಾರಾಳವಾಗಿ ಮಾಡಬಹುದು. ಫೋನು ಅಡ್ಡ, ಕಣ್ಣಿನ ಎತ್ತರಕ್ಕೆ, ಎರಡು-ಎರಡೂವರೆ ಮೀಟರ್ ದೂರ. ಹಿಂದೆ ಸಾದಾ ಗೋಡೆ. ಹತ್ತಿರ ಇಟ್ಟರೆ ಫೋನು ತಾನೇ ದನಿ ತಗ್ಗಿಸಿ-ಏರಿಸಿ ನಿಮ್ಮ ಬೆಲ್ಟನ್ನು ಚಪ್ಪಟೆ ಮಾಡುತ್ತದೆ, ಸೀಳಿದ ಸದ್ದೂ ಬರುತ್ತದೆ. ಪಿಯಾನೋ ಟ್ರ್ಯಾಕಿನ ಸ್ಪೀಕರನ್ನು ಫೋನಿನ ಪಕ್ಕ ಇಟ್ಟರೆ ಪಿಯಾನೋ ಮಾತ್ರ ಕೇಳುತ್ತದೆ. ನಿಮ್ಮ ಹತ್ತಿರ, ಚೌಕಟ್ಟಿನ ಹೊರಗೆ, ನಿಮಗೆ ಕೇಳುವಷ್ಟೇ ಸದ್ದಿನಲ್ಲಿ ಇಡಿ. ಟೈಲ್ಸ್ ನೆಲದ ಖಾಲಿ ಕೋಣೆ ಬಚ್ಚಲುಮನೆಯಂತೆ ಮೊಳಗುತ್ತದೆ. ಫೋನಿನ ಹಿಂದೆ ಎರಡು ರಜಾಯಿ ನೇತುಹಾಕಿ, ನೆಲಕ್ಕೆ ಜಮಖಾನ ಹಾಸಿ. ಒಂದು ಹಾಡು ಒಂದೇ ಟೇಕ್, ಕತ್ತರಿಸಿ ಅಂಟಿಸುವ ಹಾಗಿಲ್ಲ, ಎಕೋ ಸೇರಿಸುವ ಹಾಗಿಲ್ಲ. ಯಾವ ವಿಡಿಯೋದಲ್ಲಿ ಪೂರ್ತಿ ದೇಹ ಕಾಣಬೇಕು, ಯಾವುದರಲ್ಲಿ ಸೊಂಟದ ಮೇಲೆ ಎಂಬುದನ್ನು ಆಯಾ ಶಾಲೆಯ ಪುಟದಲ್ಲೇ ಓದಿ.

---

ವಾಕ್_ಚಿಕಿತ್ಸೆ

ಚಿಕ್ಕದಾಗಿ. ಬೆಲ್ಟ್ ಶುರು ಮಾಡಿದವರು ಪ್ರತಿದಿನ ಬೆಳಿಗ್ಗೆ ಒಂದು ಪರೀಕ್ಷೆ ಮಾಡಿಕೊಳ್ಳಿ: "ಹ್ಯಾಪಿ ಬರ್ತ್‌ಡೇ"ಯ ಮೊದಲ ಸಾಲನ್ನು ನಿಮ್ಮ ಮೇಲಿನ ಜಾಗದಲ್ಲಿ, ಮಲಗಿದ ಮಗು ಏಳದಷ್ಟು ಮೆಲ್ಲಗೆ ಹಾಡಿ. ದನಿಪಟಲ ಊದಿಕೊಂಡಿದ್ದರೆ ಮೆಲುದನಿ ತಡವಾಗಿ ಹುಟ್ಟುತ್ತದೆ, ಮೊದಲು ಬರೀ ಗಾಳಿ ಬರುತ್ತದೆ. ಗಟ್ಟಿಯಾಗಿ ಹಾಡಿದಾಗ ಇದು ತಿಳಿಯುವುದೇ ಇಲ್ಲ, ಅದೇ ಮೋಸ. ನಿನ್ನೆ ಬಂದ ಎತ್ತರ ಇವತ್ತು ಬಾರದಿದ್ದರೆ ಅವತ್ತು ಬೆಲ್ಟ್ ಬೇಡ. ಎರಡು ವಾರ ಮೀರಿ ದನಿ ಕರಕರ ಇದ್ದರೆ ಸ್ಟ್ರೋಬೊಸ್ಕೋಪಿ (ಮಿನುಗು ಬೆಳಕಿನಲ್ಲಿ ದನಿಪಟಲದ ಕಂಪನ ನೋಡುವ ಪರೀಕ್ಷೆ) ಮಾಡುವ ಕಡೆ ತೋರಿಸಿ. ಕನ್ನಡಿ ಇಟ್ಟು ನೋಡಿದರೆ, ಬರೀ ಟಾರ್ಚ್ ಹಾಕಿ ನೋಡಿದರೆ ಸಣ್ಣ ಗಂಟು ಕಾಣುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೆಂದೇ ತಪಾಸಣೆ, ಚಿಕಿತ್ಸೆ ಎರಡೂ ಇದೆ. ಹಾಡುಗಾರರ ಗಂಟುಗಳಿಗೆ ಮೊದಲ ಮದ್ದು ವಾಯ್ಸ್ ಥೆರಪಿ, ಶಸ್ತ್ರಚಿಕಿತ್ಸೆ ಆಮೇಲಿನದು.

ಇನ್ನೊಂದು: ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನ. ಕೂದಲಂಚಿಗೆ ಅಂಟಿಸಿದ ಮೈಕ್ ಇರುವುದರಿಂದ ಸದ್ದಿಗಾಗಿ ಯಾರೂ ನೂಕಬೇಕಿಲ್ಲ. ಎಂಟನೆಯದನ್ನೂ ಮೊದಲನೆಯದರಂತೆ ಹಾಡುವ ದನಿಯನ್ನು ಅವರು ಹುಡುಕುತ್ತಾರೆ.

---

ಕೀರವಾಣಿ21

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಇನ್ನೆರಡು ಪ್ರಶ್ನೆ. ಬಿಎಫ್‌ಎ, ಬಿಎಂ, ಬಿಎ ಎಂದು ಮೂರು ಕಾಣುತ್ತದೆ, ಹಾಡುಗಾರಿಕೆ ಜಾಸ್ತಿ ಯಾವುದರಲ್ಲಿ? ದಿನಾಂಕಗಳು ಪಿಯುಸಿ ಪರೀಕ್ಷೆಗೆ ಅಡ್ಡ ಬರುತ್ತವಾ? ಮತ್ತೆ, ಕಪ್ಪುಬಿಳಿ_ಮನೆ ಅವರೇ, ಬೆಂಗಳೂರಿನಲ್ಲಿ ನೋಡಿ ನುಡಿಸುವ ಪಿಯಾನೋದವರು ಎಲ್ಲಿ ಸಿಗುತ್ತಾರೆ?

---

ತಾರಪಂಚಮ

ಬಿಎಂ (ಬ್ಯಾಚುಲರ್ ಆಫ್ ಮ್ಯೂಸಿಕ್) ಸಂಗೀತ ವಿಭಾಗದ ಪದವಿ. ಥಿಯರಿ, ಕೀಬೋರ್ಡ್, ಏಕವ್ಯಕ್ತಿ ಕಛೇರಿ ಜಾಸ್ತಿ, ನಟನೆ-ನೃತ್ಯ ಅದರ ಸುತ್ತ. ನ್ಯೂಯಾರ್ಕ್ ವಿ.ವಿ.ಯ ಸ್ಟೈನ್‌ಹಾರ್ಟ್, ಒಹಾಯೋದ ಬಾಲ್ಡ್ವಿನ್ ವಾಲೆಸ್, ಒಕ್ಲಹೋಮಾ ಸಿಟಿ ವಿ.ವಿ. ಈ ಬಗೆಯವು. ಬಿಎಫ್‌ಎ ವೃತ್ತಿ ತರಬೇತಿ, ಹಾಡು, ನಟನೆ, ಬ್ಯಾಲೆ-ಜಾಜ್-ಟ್ಯಾಪ್ ಮೂರೂ ಹೆಚ್ಚುಕಡಿಮೆ ಸಮನಾಗಿ: ಮಿಶಿಗನ್, ಕಾರ್ನೆಗಿ ಮೆಲನ್, ಸಿನ್ಸಿನಾಟಿ, ಪೆನ್ ಸ್ಟೇಟ್. ಬಿಎಯಲ್ಲಿ ಬೇರೆ ವಿಷಯಗಳಿಗೂ ಜಾಗ, ಹಾಡಿನ ಖಾಸಗಿ ಪಾಠ ಕಡಿಮೆ. ನಿಮ್ಮ ಹಿನ್ನೆಲೆಗೆ ಬಿಎಂ ಹತ್ತಿರ, ನೃತ್ಯ ಕಲಿತಿಲ್ಲದಿದ್ದರೆ ಇನ್ನೂ ಹತ್ತಿರ. ಯಾವುದಾದರೂ ವಾರಕ್ಕೊಂದು ಖಾಸಗಿ ಪಾಠ, ಸೆಮಿಸ್ಟರ್ ಕೊನೆಗೆ ಅಧ್ಯಾಪಕರ ಸಾಲಿನೆದುರು ಹಾಡುವ ಜ್ಯೂರಿ, ಕೊನೆಯ ವರ್ಷ ಏಜೆಂಟರ ಮುಂದೆ ಶೋಕೇಸ್. ಪಾಠ 30 ನಿಮಿಷವೋ 60 ನಿಮಿಷವೋ ಎಂದು ಅರ್ಜಿಗೆ ಮುಂಚೆ ಕೇಳಿ, ಶಾಲೆಯಿಂದ ಶಾಲೆಗೆ ಇದರಲ್ಲಿ ಅಜಗಜಾಂತರ.

ದಿನಾಂಕ ಅಡ್ಡ ಬರುತ್ತದೆ. ಪ್ರೀಸ್ಕ್ರೀನ್ ವಿಡಿಯೋ ಸೆಕೆಂಡ್ ಪಿಯುಸಿಯ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. ಪಾಸಾದವರಿಗೆ ಆಡಿಷನ್ ಹೆಚ್ಚಾಗಿ ಜನವರಿ-ಫೆಬ್ರುವರಿ, ಹಲವು ಶಾಲೆಗಳು ನ್ಯೂಯಾರ್ಕ್, ಶಿಕಾಗೋಗಳಲ್ಲಿ ಒಟ್ಟಿಗೆ ನಡೆಸುತ್ತವೆ. ನಿಮ್ಮ ಪ್ರಿಪರೇಟರಿ, ಪ್ರಾಕ್ಟಿಕಲ್ ಅದೇ ಹೊತ್ತಿಗೆ. ಆನ್‌ಲೈನ್ ಆಡಿಷನ್ ಅವಕಾಶ ಬಹಳ ಕಡೆ ಇದೆ, ಅದನ್ನೇ ಆರಿಸಿ. ಮೇ 1 ಸಾಮಾನ್ಯವಾಗಿ ಒಪ್ಪಿಗೆಯ ಕೊನೆ ದಿನ. ವಿಡಿಯೋಗಳನ್ನು ಮುಂದಿನ ಬೇಸಿಗೆ ರಜೆಯಲ್ಲೇ ಮುಗಿಸಿಬಿಡಿ.

ಖರ್ಚನ್ನು ಮನೆಯವರ ಜೊತೆ ಈಗಲೇ ಮಾತಾಡಿ. ದೊಡ್ಡ ಖಾಸಗಿ ವಿ.ವಿ.ಗಳಲ್ಲಿ ಊಟ-ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಸಾಮಾನ್ಯ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲಿ ಕೆಲಸಕ್ಕೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ), ಎಂಜಿನಿಯರಿಂಗ್‌ನವರಿಗೆ ಸಿಗುವ ವಿಸ್ತರಣೆ ಈ ಪದವಿಗೆ ಇಲ್ಲ. ಇಲ್ಲೇ ಪದವಿ ಮಾಡಿ, ದನಿ ಮಾಗಿದ ಮೇಲೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನ ಒಂದು ವರ್ಷದ ಮ್ಯೂಸಿಕಲ್ ಥಿಯೇಟರ್ ಎಂಎಗೆ ಹೋಗುವುದೂ ಒಂದು ದಾರಿ. ನನ್ನ ಮಟ್ಟಿಗೆ 21ರ ದನಿಗೆ 17ರ ದನಿಗಿಂತ ಬೆಲ್ಟ್ ಸುಲಭಕ್ಕೆ ಒಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

---

ಕಪ್ಪುಬಿಳಿ_ಮನೆ

ಚರ್ಚುಗಳ ಕಾಯಿರ್‌ಗೆ ನುಡಿಸುವವರನ್ನು ಕೇಳಿ, ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ಪರೀಕ್ಷೆಗೆ ಪಕ್ಕವಾದ್ಯ ನುಡಿಸುವವರೂ ಇರುತ್ತಾರೆ. ಕಿವಿಯಲ್ಲಿ ಕೇಳಿ ನುಡಿಸುವವರು ಬೇಡ, ಬರೆದದ್ದನ್ನು ಬರೆದಂತೆ ನುಡಿಸುವವರು ಬೇಕು. ಒಂದು ವಾರ ಮೊದಲೇ ನಿಮ್ಮ ಕೀಯ ಪಿಡಿಎಫ್ ಕಳಿಸಿ. ಒಂದು ಗಂಟೆ ಕೂತರೆ ನಾಲ್ಕು ಕಟ್‌ಗಳ ಟ್ರ್ಯಾಕ್ ಆಗುತ್ತದೆ. ಪ್ರತಿಯೊಂದನ್ನೂ ಮೂರು ವೇಗದಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ: ಅಂದುಕೊಂಡದ್ದು, ಅದಕ್ಕಿಂತ ನಿಮಿಷಕ್ಕೆ ನಾಲ್ಕು ಬೀಟ್ ಕಡಿಮೆ, ನಾಲ್ಕು ಬೀಟ್ ಹೆಚ್ಚು. ಕ್ಯಾಮೆರಾ ಮುಂದೆ ನಿಂತಾಗ ಬೇಕಾಗುವುದು ಹೆಚ್ಚಾಗಿ ಮೊದಲನೆಯದಲ್ಲ. ಉಸಿರಿಗೆ ಕಾಯುವ ಜಾಗಗಳಲ್ಲಿ ನೀವು ಪಕ್ಕದಲ್ಲೇ ನಿಂತು ಮೆಲ್ಲಗೆ ಹಾಡುತ್ತಿರಿ, ಆದರೆ ಮೈಕಿನಿಂದ ದೂರ. ನಿಮ್ಮ ಆ ದನಿ ಟ್ರ್ಯಾಕಿನಲ್ಲಿ ಉಳಿದರೆ ವಿಡಿಯೋದಲ್ಲಿ ಇಬ್ಬರು ಹಾಡಿದಂತೆ ಕೇಳುತ್ತದೆ. ಮುನ್ನುಡಿಗೆ ಮುಂಚೆ ಪಿಯಾನೋದವರು "ವನ್ ಟೂ ತ್ರೀ" ಎಣಿಸಿದ್ದರೆ ಅದನ್ನೂ ಕತ್ತರಿಸಿ ತೆಗೆದಿಡಿ.